ಏರ್‌ಬ್ಯಾಗ್ ಲೈಟ್ ಆರುತ್ತಿಲ್ಲ: ಕೊಡಗಿನಲ್ಲಿ ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ಸ್ವಲ್ಪ ಬಿಡುವು ಕೊಟ್ಟು ಕೈಲ್‌ಪೊಳ್ದ್ ಹಬ್ಬ ಹತ್ತಿರ ಬಂದಾಗ ನಮ್ಮ ರಿಪೇರಿ ಶೆಡ್ಡಿಗೆ ಫೋನು ಬರಲು ಶುರು. ಜೂನ್‌ನಿಂದ ಟಾರ್ಪಾಲು ಹೊದ್ದು ಮಲಗಿದ್ದ ಕಾರನ್ನು ಹೊರಗೆ ತೆಗೆದಿರುತ್ತಾರೆ. ಎಂಜಿನ್ ಸ್ಟಾರ್ಟ್ ಆಗಿರುತ್ತದೆ, ಬ್ರೇಕ್ ಹಿಡಿಯುತ್ತದೆ, ಆದರೆ ಮೀಟರಿನಲ್ಲಿ ಒಂದು ಲೈಟ್ ಮಾತ್ರ ಆರುವುದಿಲ್ಲ. ಸೀಟಿನಲ್ಲಿ ಕೂತವನ ಎದುರು ದೊಡ್ಡ ಚೆಂಡು ಹಿಡಿದಂತೆ ಇರುತ್ತದಲ್ಲ, ಆ ಚಿತ್ರ. ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಹಳೇ ಪೋರ್ಷೆ ಬಾಕ್ಸ್‌ಸ್ಟರ್, ಬಿಎಂಡಬ್ಲ್ಯು ಝಡ್3, ಝಡ್4, ಮರ್ಸಿಡಿಸ್ ಎಸ್‌ಎಲ್‌ಕೆ, ಆಡಿ ಟಿಟಿ ಇಂಥ ಕಾರು ಇಟ್ಟುಕೊಂಡವರಿಗಾಗಿ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಲೈಟ್ ಉರಿಯುತ್ತಿದೆ ಅಂದರೆ ಏರ್‌ಬ್ಯಾಗ್ ಯಾವ ಕ್ಷಣದಲ್ಲಾದರೂ ಸಿಡಿಯಬಹುದಾ?

ಹಾಗೆ ಹೆದರಬೇಕಿಲ್ಲ. ಹೆದರಬೇಕಾದ್ದು ಅದರ ಉಲ್ಟಾಕ್ಕೆ: ಬೇಕಾದ ಹೊತ್ತಿಗೆ ಅದು ಸಿಡಿಯದೇ ಇರಬಹುದು.

ಕೀ ಆನ್ ಮಾಡಿದ ಕೂಡಲೇ ಈ ಲೈಟ್ ಹತ್ತಬೇಕು, ಹೆಚ್ಚಿನ ಕಾರುಗಳಲ್ಲಿ 4ರಿಂದ 7 ಸೆಕೆಂಡಿನೊಳಗೆ ಆರಬೇಕು. ಅಷ್ಟರಲ್ಲಿ ಏರ್‌ಬ್ಯಾಗ್ ಮಾಡ್ಯೂಲು, ಅಂದರೆ ಬ್ಯಾಗನ್ನು ಸಿಡಿಸುವ ಕಂಪ್ಯೂಟರ್ ಪೆಟ್ಟಿಗೆ, ಒಂದೊಂದು ಸರ್ಕ್ಯೂಟಿಗೂ ತೀರಾ ಸಣ್ಣ ಕರೆಂಟ್ ಬಿಟ್ಟು ನೋಡುತ್ತದೆ. ಬ್ಯಾಗಿನೊಳಗೆ ಮದ್ದು ಹೊತ್ತಿಸುವ ಸಣ್ಣ ಇಗ್ನೈಟರ್ ಇರುತ್ತದೆ, ಅದರ ರೆಸಿಸ್ಟೆನ್ಸ್ ಸಾಮಾನ್ಯವಾಗಿ 2 ಓಮ್ ಆಸುಪಾಸು. ವೈರು, ವೈರುಗಳನ್ನು ಜೋಡಿಸುವ ಕಪ್ಲರು, ಇಗ್ನೈಟರು ಎಲ್ಲ ಸೇರಿ ಬರಬೇಕಾದ ಲೆಕ್ಕ ಬಂದರೆ ಲೈಟ್ ಆರುತ್ತದೆ. ಒಂದು ಪಿನ್ನಿನ ಮೇಲೆ ಹಸಿರು ಕಿಲುಬು ಕೂತು ಲೆಕ್ಕ ಒಂದರ್ಧ ಓಮ್ ತಪ್ಪಿದರೂ ಮಾಡ್ಯೂಲು ದೋಷದ ಕೋಡ್ ಬರೆದುಕೊಂಡು ಲೈಟ್ ಹಾಕಿಬಿಡುತ್ತದೆ. ಬೇರೆ ಯಾವ ಸರ್ಕ್ಯೂಟೂ ಇಷ್ಟು ಸೂಕ್ಷ್ಮವಲ್ಲ. ಪವರ್ ವಿಂಡೋ ಕಪ್ಲರಿನಲ್ಲಿ ಅಷ್ಟೇ ಕಿಲುಬು ಇದ್ದರೆ ನಿಮಗೆ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ.

ಹಾಗಾದರೆ ಗಾಡಿ ಓಡಿಸಬಹುದಾ? ನಾವು ಹೋಂಸ್ಟೇಗೆ ಬಂದವರು, ನಾಳೆ ಬೆಂಗಳೂರಿಗೆ ವಾಪಸ್ ಹೋಗಬೇಕು.

ಹೋಗಬಹುದು. ಎಂಜಿನ್ನಿಗೂ ಬ್ರೇಕಿಗೂ ಇದಕ್ಕೂ ಸಂಬಂಧವಿಲ್ಲ. ಕೆಲವು ಮಾಡ್ಯೂಲು ಕೆಟ್ಟ ಸರ್ಕ್ಯೂಟನ್ನು ಮಾತ್ರ ಬಿಟ್ಟುಬಿಡುತ್ತದೆ, ಕೆಲವು ಇಡೀ ವ್ಯವಸ್ಥೆಯನ್ನೇ ನಿಲ್ಲಿಸುತ್ತದೆ. ಡ್ರೈವರ್ ಸೀಟಿನಲ್ಲಿ ಕೂತು ಅದನ್ನು ಹೇಳಲು ಬರುವುದಿಲ್ಲ, ಹಾಗಾಗಿ ಏರ್‌ಬ್ಯಾಗೇ ಇಲ್ಲದ ಕಾರು ಅಂದುಕೊಂಡು ಓಡಿಸಿ. ಬೆಲ್ಟು ಎಳೆತಕ್ಕೆ ಲಾಕ್ ಆಗುವುದು ಯಾಂತ್ರಿಕ ಕೆಲಸ, ಅದು ನಡೆಯುತ್ತದೆ. ಅಪಘಾತದಲ್ಲಿ ಬೆಲ್ಟನ್ನು ಬಿಗಿಯಾಗಿ ಒಳಗೆಳೆಯುವ ಪ್ರಿಟೆನ್ಷನರ್ ಮಾತ್ರ ಇದೇ ಮಾಡ್ಯೂಲಿನ ಕೈಯಲ್ಲಿದೆ, ಅದನ್ನು ನಂಬಬೇಡಿ.

ಒಂದು ಎಚ್ಚರಿಕೆ. ಎರಡೇ ಸೀಟಿನ ಕಾರು, ‘ಹೇಗೂ ಏರ್‌ಬ್ಯಾಗ್ ಸತ್ತಿದೆಯಲ್ಲ’ ಅಂತ ಹಿಂದಕ್ಕೆ ಮುಖ ಮಾಡಿ ಕೂರಿಸುವ ಮಗುವಿನ ಸೀಟನ್ನು ಪಕ್ಕದ ಸೀಟಿಗೆ ಕಟ್ಟಬೇಡಿ. ಲೈಟ್ ಉರಿಯುವುದಕ್ಕೆ ಡ್ರೈವರ್ ಬದಿಯ ಬೆಲ್ಟ್ ಬಕಲ್ ಕಾರಣವಾಗಿರಬಹುದು, ಪಕ್ಕದ ಸೀಟಿನ ಏರ್‌ಬ್ಯಾಗ್ ಜೀವಂತವಾಗಿಯೇ ಇರಬಹುದು.

ಬ್ಯಾಟರಿ ವೈರ್ ಬಿಚ್ಚಿ ಅರ್ಧ ಗಂಟೆ ಬಿಟ್ಟು ಹಾಕಿದರೆ ಹೋಗುತ್ತದಂತೆ?

ಹೋಗುವುದಿಲ್ಲ. ಈ ಕೋಡುಗಳು ಕರೆಂಟ್ ಹೋದರೂ ಅಳಿಯದ ಮೆಮೊರಿಯಲ್ಲಿ ಕೂತಿರುತ್ತವೆ. ರೇಡಿಯೋ ಕೋಡ್ ಮರೆತುಹೋಗಿ ಇನ್ನೊಂದು ತಲೆನೋವು ಹಚ್ಚಿಕೊಳ್ಳುತ್ತೀರಿ ಅಷ್ಟೆ.

ಆದರೆ ಬ್ಯಾಟರಿ ವೀಕ್ ಇದ್ದರೂ ಈ ಲೈಟ್ ಬರುತ್ತದಾ?

ಖಂಡಿತ ಬರುತ್ತದೆ, ನಮ್ಮಲ್ಲಿ ಬಹಳ ಬರುತ್ತದೆ. ಮೂರು ತಿಂಗಳು ನಿಂತ ಕಾರು, ಶೆಡ್ಡಿನಲ್ಲಿ ಚಾರ್ಜರ್ ಇದ್ದರೂ ಮಳೆಗೆ ಕರೆಂಟ್ ಇಲ್ಲ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಕುಸಿಯುತ್ತದೆ, ಮಾಡ್ಯೂಲು ‘ಸಪ್ಲೈ ಕಮ್ಮಿ’ ಎಂದು ಕೋಡ್ ಬರೆದುಕೊಳ್ಳುತ್ತದೆ. ಆಮೇಲೆ ಹೊಸ ಬ್ಯಾಟರಿ ಹಾಕಿದರೂ ಎಷ್ಟೋ ಯುರೋಪಿನ ಕಾರುಗಳಲ್ಲಿ ಲೈಟ್ ತಾನಾಗಿ ಹೋಗುವುದಿಲ್ಲ, ಸ್ಕ್ಯಾನರಿನಲ್ಲೇ ಅಳಿಸಬೇಕು.

ಅದಕ್ಕೇ ನಾನು ಮೊದಲು ಹಿಡಿಯುವುದು ಮಲ್ಟಿಮೀಟರು, ಅದೂ ಬ್ಯಾಟರಿಗೆ ಮಾತ್ರ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಅಂದರೆ ಅರ್ಧಕ್ಕೆ ಬಂದಿದೆ. ಎಂಜಿನ್ ಓಡುವಾಗ 14 ವೋಲ್ಟ್ ಆಸುಪಾಸು ಬರಬೇಕು. ಬ್ಯಾಟರಿ ಸರಿಯಿಲ್ಲದೆ ಏರ್‌ಬ್ಯಾಗಿನ ಕೋಡ್ ಹಿಂದೆ ಓಡುವುದು ಕತ್ತಲಲ್ಲಿ ಕಾಡು ಹಂದಿ ಅಟ್ಟಿದ ಹಾಗೆ.

ನನ್ನ ಹತ್ತಿರ ಆನ್‌ಲೈನಿನಲ್ಲಿ ತರಿಸಿದ ಸಣ್ಣ ಸ್ಕ್ಯಾನರ್ ಇದೆ. ‘ಕೋಡ್ ಇಲ್ಲ’ ಅನ್ನುತ್ತಿದೆ.

ಅದು ಎಂಜಿನ್ ಜೊತೆ ಮಾತ್ರ ಮಾತಾಡುವ ಸ್ಕ್ಯಾನರು. ಹೊಗೆ, ಸೆನ್ಸರು, ಮಿಸ್‌ಫೈರು ಇವುಗಳ ಕೋಡ್ ‘ಪಿ’ ಅಕ್ಷರದಿಂದ ಶುರುವಾಗುತ್ತದೆ, ಅದನ್ನು ಓದುತ್ತದೆ. ಏರ್‌ಬ್ಯಾಗ್ ಮಾಡ್ಯೂಲು ಬೇರೆಯೇ ಪೆಟ್ಟಿಗೆ. ಆ ಕಂಪನಿಯ ಕಾರಿಗೆಂದೇ ಇರುವ ಸಾಫ್ಟ್‌ವೇರ್ ಬೇಕು: ಪೋರ್ಷೆಗೆ ಡ್ಯುರಾಮೆಟ್ರಿಕ್, ಆಡಿ ಮತ್ತು ಫೋಕ್ಸ್‌ವ್ಯಾಗನ್‌ಗೆ ವಿಸಿಡಿಎಸ್, ಹೀಗೆ. ಇಲ್ಲವಾದರೆ ಏರ್‌ಬ್ಯಾಗ್ ಓದುತ್ತದೆ ಎಂದು ನಿಮ್ಮ ಮಾಡೆಲ್ಲಿನ ಹೆಸರು ಹಿಡಿದು ಬರೆದಿರುವ ಗ್ಯಾರೇಜ್ ಸ್ಕ್ಯಾನರು ಬೇಕು.

ಇನ್ನೊಂದು ಫಜೀತಿ ಕನೆಕ್ಟರಿನದು. ಡ್ಯಾಶ್ ಕೆಳಗಿನ 16 ಪಿನ್ನಿನ ಸಾಕೆಟ್ಟಿನಲ್ಲಿ ಎಲ್ಲವೂ ಸಿಗುತ್ತದೆ ಎಂದುಕೊಳ್ಳಬೇಡಿ. ಮೊದಲ ತಲೆಮಾರಿನ ಎಸ್‌ಎಲ್‌ಕೆಯಲ್ಲಿ ಬಾನೆಟ್ ಅಡಿಯಲ್ಲಿ ದುಂಡಗಿನ 38 ಪಿನ್ನಿನ ಸಾಕೆಟ್ ಇದೆ. ಝಡ್3ಯಲ್ಲಿ 20 ಪಿನ್ನಿನ ದುಂಡು ಸಾಕೆಟ್, ಅದೂ ಬಾನೆಟ್ ಅಡಿಯಲ್ಲೇ. ಅದಕ್ಕೆ ಬೇರೆ ಅಡಾಪ್ಟರ್ ಬೇಕು. ಕೆಲವು ಹಳೇ ಜಪಾನಿ ಕಾರುಗಳು ಇನ್ನೂ ಒಳ್ಳೆಯವು: ಕೈಪಿಡಿ ಹೇಳಿದ ಎರಡು ಪಿನ್ ಜೋಡಿಸಿದರೆ ಲೈಟೇ ಮಿನುಗಿ ಕೋಡ್ ಹೇಳುತ್ತದೆ. ಮೂರು ಮಿನುಗು, ಸ್ವಲ್ಪ ಬಿಡುವು, ಒಂದು ಮಿನುಗು ಅಂದರೆ 31. ಪೆನ್ನು ಪೇಪರ್ ಇದ್ದರೆ ಸಾಕು.

ಕೋಡ್ ಅಳಿಸಿಕೊಟ್ಟರೆ ಆಯಿತಲ್ಲ, ಐದು ನಿಮಿಷದ ಕೆಲಸ?

ಇದೇ ನನಗೆ ಸಿಟ್ಟು ಬರಿಸುವ ಪ್ರಶ್ನೆ. ಮೊದಲ ಕಾರಣ ನಾನೇ ಪಟ್ಟ ಪಾಡು. ನನ್ನ ಸ್ವಂತ ಕಾರಿಗೆ ಲೈಟ್ ಬಂದಾಗ ನನ್ನ ಹತ್ತಿರ ಸ್ಕ್ಯಾನರ್ ಇರಲಿಲ್ಲ. ಹೊರ ಊರಿನ ಒಂದು ದೊಡ್ಡ ವರ್ಕ್‌ಶಾಪಿಗೆ ಒಯ್ದೆ, ಹೆಸರು ಬೇಡ. ಅವರು ಕೋಡ್ ಓದಿ, ಬರೆದುಕೊಡದೆ, ಅಳಿಸಿ, ದುಡ್ಡು ತೆಗೆದುಕೊಂಡು ಕಳಿಸಿದರು. ಸಂಪಾಜೆ ಘಾಟಿ ಹತ್ತುವಾಗ ಮೂರನೇ ತಿರುವಿಗೆ ಲೈಟ್ ವಾಪಸ್. ಫೋನ್ ಮಾಡಿ ಯಾವ ಕೋಡಿತ್ತು ಅಂದರೆ ‘ಬಕಲ್ ಇರಬೇಕು ಸಾರ್, ಸರಿ ನೆನಪಿಲ್ಲ’.

ಓದಿ, ಬರೆದಿಟ್ಟುಕೊಂಡು, ಆಮೇಲೆ ಅಳಿಸಬೇಕು. ಮಾಡ್ಯೂಲಿನಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಕೋಡ್ ಇರುತ್ತದೆ: ಈಗ ಇರುವ ತೊಂದರೆ, ಮತ್ತು ಎಂದೋ ಬಂದು ಹೋದದ್ದು. ಒಮ್ಮೆ ಅಳಿಸಿ ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ತಕ್ಷಣ ಬಂದರೆ ಅದು ಗಟ್ಟಿ ಫಾಲ್ಟ್, ಹುಡುಕುವುದು ಸುಲಭ. ಎರಡು ದಿನ ಬಿಟ್ಟು, ತಿರುವಿನಲ್ಲಿ, ಸೀಟು ಜರುಗಿಸಿದಾಗ ಬಂದರೆ ಅದು ಸಡಿಲ ಕಪ್ಲರಿನ ಕೆಲಸ. ಯಾವಾಗ ಬಂತು ಎನ್ನುವುದು ಯಾವ ಕೋಡ್ ಎನ್ನುವಷ್ಟೇ ಮುಖ್ಯ, ಅದನ್ನು ನೋಡಿರುವವರು ನೀವೇ.

ಕೊಡಗಿನಲ್ಲಿ ಹೆಚ್ಚಾಗಿ ಕೆಡುವುದು ಯಾವುದು?

ನೀರು ಮತ್ತು ಇಲಿ. ಉಳಿದದ್ದು ಆಮೇಲೆ.

ನೀರಿನ ಕಥೆ ಹೀಗೆ. ಬಾಕ್ಸ್‌ಸ್ಟರ್‌ನಂಥ ಬಟ್ಟೆ ಟಾಪಿನ ಕಾರಿನಲ್ಲಿ ಟಾಪ್ ಮಡಚಿ ಕೂರುವ ಜಾಗದ ಎರಡೂ ಬದಿಗೆ ನೀರು ಇಳಿದುಹೋಗಲು ತೂತು ಇರುತ್ತದೆ. ನಮ್ಮ ತೋಟದ ಮನೆಗಳ ಮುಂದೆ ಏನಿರುತ್ತದೆ? ಸಿಲ್ವರ್ ಓಕ್. ಅದರ ಸೀಳು ಸೀಳು ಎಲೆ ಆ ತೂತಿಗೇ ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತದೆ. ಒಂದು ರಾತ್ರಿ ಮಡಿಕೇರಿ ಮಳೆ ಬಿದ್ದರೆ ನೀರು ಹಿಂದಕ್ಕೆ ತುಂಬಿ ಸೀಟಿನ ಕೆಳಗೆ ಇಳಿಯುತ್ತದೆ. 1996ರಿಂದ 2004ರವರೆಗೆ ಬಂದ 986 ಮಾಡೆಲ್ಲಿನ ಬಾಕ್ಸ್‌ಸ್ಟರಿನಲ್ಲಿ, ಕಳ್ಳರು ಸ್ಟಾರ್ಟ್ ಮಾಡದಂತೆ ತಡೆಯುವ ಇಮ್ಮೊಬಿಲೈಸರ್ ಪೆಟ್ಟಿಗೆ ಕೂಡ ಸೀಟಿನ ಅಡಿಯಲ್ಲೇ ಇದೆ, ಅದು ಮುಳುಗಿದರೆ ಕಾರು ಸ್ಟಾರ್ಟೇ ಆಗದು. ಏರ್‌ಬ್ಯಾಗ್ ಲೈಟ್ ಬರೀ ಮುನ್ನುಡಿ.

ಕಾರ್ಪೆಟ್ ಮೇಲೆ ಕೈಯಾಡಿಸಿ ‘ಒಣಗಿದೆ’ ಅನ್ನಬೇಡಿ. ಅದರ ಕೆಳಗೆ ಎರಡು ಬೆರಳು ದಪ್ಪದ ಫೋಮ್ ಇದೆ, ಅದು ನೀರು ಕುಡಿದು ತಿಂಗಳುಗಟ್ಟಲೆ ಬಿಡುವುದಿಲ್ಲ. ಹಳೇ ಪೇಪರ್ ನಾಲ್ಕು ಮಡಿಕೆ ಮಾಡಿ ಸೀಟಿನ ಕಂಬಿಯ ಪಕ್ಕ ಇಟ್ಟು ಮಂಡಿಯಲ್ಲಿ ಒತ್ತಿ ಹಿಡಿಯಿರಿ. ಪೇಪರ್ ಒದ್ದೆಯಾದರೆ ಲೈಟಿನ ಕಾರಣ ಅಲ್ಲೇ ಎಲ್ಲೋ ಇದೆ. ಮೊದಲು ತೂತು ಬಿಡಿಸಿ, ಫೋಮ್ ಒಣಗಿಸಿ, ಆಮೇಲೆ ಕಪ್ಲರ್. ಉಲ್ಟಾ ಮಾಡಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಬರುತ್ತೀರಿ.

ಇಲಿಗೆ ಮಳೆಗಾಲದಲ್ಲಿ ಒಣಗಿದ, ಬೆಚ್ಚಗಿನ ಜಾಗ ಬೇಕು. ಟಾರ್ಪಾಲು ಹೊದಿಸಿದ ಕಾರಿಗಿಂತ ಒಳ್ಳೆಯದು ಎಲ್ಲಿ ಸಿಗುತ್ತದೆ? ಒಮ್ಮೆ ಒಂದು ಟಿಟಿಯ ಬಾಗಿಲ ಕೆಳಗಿನ ಪಟ್ಟಿ ಬಿಚ್ಚಿದೆ. ಒಳಗೆ ಸೀಟಿನ ಫೋಮನ್ನು ಹತ್ತಿಯಂತೆ ಬಿಡಿಸಿ ಮಾಡಿದ ಗೂಡು, ಅದರ ನಡುವೆ ಅರ್ಧ ತಿಂದ ಹಲಸಿನ ಬೀಜ, ಪಕ್ಕದಲ್ಲಿ ಏರ್‌ಬ್ಯಾಗಿನ ಹಳದಿ ವೈರು ಪೆನ್ಸಿಲ್ ಚೂಪು ಮಾಡಿದಂತೆ ಕೊರೆದು ತಾಮ್ರ ಕಾಣುತ್ತಿತ್ತು. ಕಾರಿನ ಯಜಮಾನರಿಗೆ ಬೇಸರವಾದದ್ದು ವೈರಿಗಲ್ಲ. ‘ನಮ್ಮ ಮನೆ ಹಲಸಿನ ಹಣ್ಣು ಆ ವರ್ಷ ಆಗಿದ್ದೇ ಎರಡು’ ಅಂದರು.

ಸೀಟಿನ ಅಡಿಯ ಏರ್‌ಬ್ಯಾಗಿನ ಹಳದಿ ಕಪ್ಲರ್ ಬಿಚ್ಚಿ ಕ್ಲೀನರ್ ಹೊಡೆದು ಹಾಕಿದರೆ ಸರಿಯಾಗುತ್ತದೆ ಅಂತ ವಿಡಿಯೋದಲ್ಲಿ ನೋಡಿದೆ. ನಾನೇ ಮಾಡಲಾ?

ಸರಿಯಾಗುವುದು ನಿಜ. ಆದರೆ ಕ್ರಮ ತಪ್ಪಬಾರದು.

ಕೀ ಆಫ್, ಕೀ ಹೊರಗೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ತಾಗದಂತೆ ಬಟ್ಟೆ ಸುತ್ತಿಡಿ. ಈಗ ಕಾಯಿರಿ. ಅಪಘಾತದಲ್ಲಿ ಬ್ಯಾಟರಿ ಕಿತ್ತುಹೋದರೂ ಬ್ಯಾಗ್ ಸಿಡಿಯಲಿ ಎಂದು ಮಾಡ್ಯೂಲಿನೊಳಗೆ ಕೆಪಾಸಿಟರ್ ಇರುತ್ತದೆ, ಅದರ ಕರೆಂಟ್ ಇಳಿಯಬೇಕು. ಕೆಲವು ಕಂಪನಿ 1 ನಿಮಿಷ ಅನ್ನುತ್ತದೆ, ಕೆಲವು 10 ನಿಮಿಷ. ನಾನು ಕಾಫಿ ಕುಡಿದು, ಎಲೆ ಅಡಿಕೆ ಹಾಕಿ, ಅರ್ಧ ಗಂಟೆ ಬಿಟ್ಟು ಬರುತ್ತೇನೆ. ಬರಿಗೈಯಲ್ಲಿ ಕಾರಿನ ಬಾಡಿಯ ಲೋಹ ಮುಟ್ಟಿ, ಆಮೇಲೆ ಕಪ್ಲರಿಗೆ ಕೈ ಹಾಕುತ್ತೇನೆ.

ಬಿಚ್ಚಿದ ಕಪ್ಲರಿನ ಹೆಣ್ಣು ಭಾಗದೊಳಗೆ ಸಾಮಾನ್ಯವಾಗಿ ಒಂದು ಸಣ್ಣ ಸ್ಪ್ರಿಂಗ್ ತಗಡು ಕಾಣುತ್ತದೆ. ಕಪ್ಲರ್ ಬೇರೆಯಾದ ಕೂಡಲೇ ಅದು ಇಗ್ನೈಟರಿನ ಎರಡು ಪಿನ್ನನ್ನು ಒಂದಕ್ಕೊಂದು ಶಾರ್ಟ್ ಮಾಡಿ, ದಾರಿತಪ್ಪಿದ ಕರೆಂಟಿಗೆ ಬ್ಯಾಗ್ ಸಿಡಿಯದಂತೆ ಕಾಯುತ್ತದೆ. ಅದನ್ನು ಸ್ಕ್ರೂಡ್ರೈವರಿನಲ್ಲಿ ಎಬ್ಬಿಸಬೇಡಿ. ಕಪ್ಲರ್ ಅರ್ಧ ಕೂತಿದ್ದರೆ ಈ ತಗಡು ಶಾರ್ಟ್ ಆಗಿಯೇ ಉಳಿದು ಕೋಡ್ ಬರುತ್ತದೆ. ‘ಕ್ಲಿಕ್’ ಅನ್ನುವವರೆಗೆ ಒತ್ತದ ಕಾರಣಕ್ಕೇ ಎಷ್ಟೋ ಲೈಟ್ ಉರಿಯುತ್ತಿರುತ್ತವೆ, ಅದರಲ್ಲೂ ಸೀಟ್ ಕವರ್ ಹೊಲಿಸಿದ ಮೇಲೆ.

ಪಿನ್ನಿಗೆ ಎಣ್ಣೆ ಜಿಗುಟಿಲ್ಲದ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಪೂರ್ತಿ ಒಣಗಲು ಬಿಡಿ. ಉಪ್ಪುಕಾಗದ ಬೇಡ. ಮೇಲಿನ ಲೇಪ ಹೋದರೆ ಆರು ತಿಂಗಳಲ್ಲಿ ಮತ್ತೆ ಕಿಲುಬು. ಎಲ್ಲ ಜೋಡಿಸಿದ ಮೇಲೆ ಕಾರಿನೊಳಗೆ ಕೂತು ಕೀ ತಿರುಗಿಸಬೇಡಿ. ಹೊರಗೆ ನಿಂತು, ಕೈ ಮಾತ್ರ ಒಳಗೆ ಚಾಚಿ ಆನ್ ಮಾಡಿ. ಮತ್ತೆ ಸೀಟ್ ಹೊರಗಿರುವಾಗ ಯಾರೋ ‘ಗ್ಲಾಸ್ ಇಳಿಸೋಣ’ ಅಂತ ಕೀ ಹಾಕಿದರೆ ಅಲ್ಲಿಗೆ ಹೊಸ ಕೋಡ್ ಬಿತ್ತು ಅಂತಲೇ ಲೆಕ್ಕ.

ಮಲ್ಟಿಮೀಟರಿನಲ್ಲಿ ಏರ್‌ಬ್ಯಾಗಿನ ಓಮ್ ಅಳೆದು ನೋಡಬಹುದಾ?

ಬೇಡ. ಬೇಡವೇ ಬೇಡ. ಓಮ್ ಅಳೆಯುವಾಗ ಮೀಟರು ತನ್ನ ಬ್ಯಾಟರಿಯಿಂದ ಕರೆಂಟ್ ಕಳಿಸುತ್ತದೆ. ಇಗ್ನೈಟರ್ ಇರುವುದೇ ಕರೆಂಟಿಗೆ ಹೊತ್ತಿಕೊಳ್ಳಲು. ಬ್ಯಾಗ್ ತುಂಬಲು 30 ಮಿಲಿಸೆಕೆಂಡ್ ಸಾಕು, ಮುಖ ತಿರುಗಿಸುವಷ್ಟೂ ಸಮಯ ಸಿಗದು. ಟೆಸ್ಟ್ ಲ್ಯಾಂಪಂತೂ ಇನ್ನೂ ಕೆಟ್ಟದ್ದು.

ಬ್ಯಾಗ್ ಕೆಟ್ಟಿದೆಯೋ ವೈರೋ ಎಂದು ಹೇಗೆ ಹೇಳುವುದು ಹಾಗಾದರೆ? ಬ್ಯಾಗ್ ಬಿಚ್ಚಿ, ಅದರ ಜಾಗದಲ್ಲಿ ಅದೇ ರೆಸಿಸ್ಟೆನ್ಸ್ ಇರುವ ಟೆಸ್ಟ್ ಲೋಡ್ ಹಾಕಿ ಮಾಡ್ಯೂಲನ್ನು ಮತ್ತೆ ಕೇಳಬೇಕು. ಕೋಡ್ ಹೋದರೆ ದೋಷ ಬ್ಯಾಗಿನ ಕಡೆ, ಉಳಿದರೆ ವೈರಿನ ಕಡೆ. ಇದು ತಿಳಿದವರು ಮಾಡುವ ಕೆಲಸ. ಬಿಚ್ಚಿದ ಬ್ಯಾಗನ್ನು ಮೇಜಿನ ಮೇಲೆ ಮುಖ ಮೇಲೆ ಮಾಡಿ ಇಡಬೇಕು, ಕವುಚಿ ಇಟ್ಟರೆ ಸಿಡಿದಾಗ ಇಡೀ ಸಾಮಾನೇ ಮೇಲಕ್ಕೆ ಹಾರುತ್ತದೆ.

ಲೈಟ್ ಜೊತೆಗೆ ಹಾರ್ನ್ ಕೂಡ ನಿಂತಿದೆ. ಎರಡೂ ಬೇರೆ ಬೇರೆಯಾ?

ಬಹುಶಃ ಒಂದೇ. ಸ್ಟೇರಿಂಗಿನ ಹಿಂದೆ ಸುರುಳಿ ಸುತ್ತಿದ ತೆಳು ರಿಬ್ಬನ್ ಕೇಬಲ್ ಇದೆ, ನಮ್ಮವರು ಕ್ಲಾಕ್ ಸ್ಪ್ರಿಂಗ್ ಅನ್ನುವುದು ಅದನ್ನೇ. ತಿರುಗುವ ಸ್ಟೇರಿಂಗಿಗೆ ಹಾರ್ನಿನ ವೈರೂ ಏರ್‌ಬ್ಯಾಗಿನ ವೈರೂ ಹೋಗುವುದು ಅದರ ಮೂಲಕ. ತಿರುಗಿಸುವಾಗ ಒಣ ಎಲೆ ತುಳಿದ ಹಾಗೆ ಸರಸರ ಸದ್ದು ಬಂದರೆ, ಹಾರ್ನ್ ಒಂದು ಬದಿಗೆ ತಿರುಗಿಸಿದಾಗ ಮಾತ್ರ ಕೇಳಿದರೆ, ಅನುಮಾನ ಬೇಡ. ಘಾಟಿ ರಸ್ತೆಯಲ್ಲಿ ಅದಕ್ಕೆ ಕೆಲಸವೂ ಜಾಸ್ತಿ. ಸ್ಟೇರಿಂಗ್ ರ‍್ಯಾಕ್ ಕೆಲಸ ಮಾಡಿಸಿದ ಮೇಲೆ ಲೈಟ್ ಬಂದಿದ್ದರೆ, ರ‍್ಯಾಕ್ ಬಿಚ್ಚಿದ್ದಾಗ ಯಾರೋ ಸ್ಟೇರಿಂಗನ್ನು ಗಿರಗಿರ ತಿರುಗಿಸಿ ರಿಬ್ಬನ್ ಹರಿದಿರುತ್ತಾರೆ. ಹೊಸದನ್ನು ನಡುಮಧ್ಯಕ್ಕೆ ಹೊಂದಿಸಿ ಕೂರಿಸಬೇಕು.

ಬಕಲ್, ಸೀಟಿನ ಮ್ಯಾಟ್ ಅಂತೆಲ್ಲ ಹೇಳುತ್ತಾರಲ್ಲ?

ಹೌದು, ಮಾಡೆಲ್ಲಿಗೊಂದು ಕಾಯಿಲೆ. 986ರಲ್ಲಿ ಬೆಲ್ಟ್ ಬಕಲ್ ಕಡೆಯ ಕೋಡ್ ತೀರಾ ಮಾಮೂಲು. ಬಿಎಂಡಬ್ಲ್ಯುವಿನ ಝಡ್ ಸಾಲಿನಲ್ಲಿ ಪಕ್ಕದ ಸೀಟಿನಲ್ಲಿ ಯಾರಾದರೂ ಕೂತಿದ್ದಾರಾ ಎಂದು ನೋಡುವ ಮ್ಯಾಟ್ ಒಳಗೇ ಬಿರುಕು ಬಿಡುತ್ತದೆ. ಆ ಸೀಟಿನ ಮೇಲೆ ಮಂಡಿಯೂರಿ ಹಿಂದಿನಿಂದ ಸಾಮಾನು ತೆಗೆಯುವುದು, ಕಾಫಿ ಮೂಟೆ ಇಡುವುದು ಎರಡನ್ನೂ ಬಿಡಿ.

ಇಲಿ ಕಡಿದ ವೈರಿಗೆ ಗಂಟು ಹಾಕಿ ಟೇಪ್ ಸುತ್ತಿದರೆ?

ಇಲ್ಲ. ಕಂಪನಿ ಒಪ್ಪಿದ ಕ್ರಿಂಪ್ ಜೋಡಣೆ ಇಲ್ಲವೇ ಹೊಸ ವೈರಿಂಗ್ ತುಂಡು.

ಲೈಟ್ ಬಂದೇ ಇಲ್ಲ. ಅಂದರೆ ಏರ್‌ಬ್ಯಾಗ್ ಪಕ್ಕಾ ಸರಿ ಇದೆ ತಾನೇ?

ಎರಡು ಮಾತು. ಹಳೇ ಕಾರು ಕೊಳ್ಳಲು ಹೋದಾಗ ಕೀ ಆನ್ ಮಾಡಿ ಆ ಲೈಟನ್ನೇ ನೋಡಿ. ಹತ್ತಲೇ ಇಲ್ಲ ಅಂದರೆ ಬಲ್ಬ್ ಕಿತ್ತಿದ್ದಾರೆ ಅಥವಾ ಮೇಲೆ ಕಪ್ಪು ಟೇಪ್ ಅಂಟಿಸಿದ್ದಾರೆ. ಹತ್ತಿದರೂ, ಎಂಜಿನ್ ಸ್ಟಾರ್ಟ್ ಆದ ಕ್ಷಣಕ್ಕೆ ಸರಿಯಾಗಿ ಆಯಿಲ್ ಲೈಟಿನ ಜೊತೆಗೇ ಆರಿದರೆ ಅನುಮಾನಪಡಿ, ಏರ್‌ಬ್ಯಾಗ್ ಲೈಟಿನ ವೈರನ್ನು ಆಯಿಲ್ ಲೈಟಿಗೇ ತಂದು ಜೋಡಿಸಿರಬಹುದು. ಸ್ಟಾರ್ಟ್ ಮಾಡದೆ ಕೀ ಆನ್‌ನಲ್ಲೇ ಬಿಡಿ: ಆಯಿಲ್ ಲೈಟ್ ಉರಿಯುತ್ತಲೇ ಇರಬೇಕು, ಏರ್‌ಬ್ಯಾಗ್ ಲೈಟ್ ಕೆಲವೇ ಸೆಕೆಂಡಿನಲ್ಲಿ ತಾನಾಗಿ ಆರಬೇಕು. ಗದ್ದೆಯಲ್ಲಿ ಆಟೋಕ್ರಾಸ್ ರೇಸ್ ಓಡಿಸಲೆಂದು ಬೇರೆ ಸ್ಟೇರಿಂಗ್ ಹಾಕಿ, ಬ್ಯಾಗಿನ ಜಾಗಕ್ಕೆ ಒಂದು ರೆಸಿಸ್ಟರ್ ಸಿಕ್ಕಿಸಿ ಲೈಟ್ ಆರಿಸಿದ ಕಾರುಗಳನ್ನೂ ನೋಡಿದ್ದೇನೆ. ಆಟಕ್ಕೆ ಸರಿ. ಅದನ್ನೇ ಮನೆಮಂದಿ ಓಡಿಸುವವರಿಗೆ ಹೇಳದೆ ಮಾರುವುದು ಯಾವ ನ್ಯಾಯ? 2018, 2019ರ ನೆರೆಯಲ್ಲಿ ಮುಳುಗಿ ಎದ್ದ ಕಾರುಗಳಿಗೂ ಇದೇ ಮಾತು. ಮಾಡ್ಯೂಲು ಸಾಮಾನ್ಯವಾಗಿ ನಡು ಕನ್ಸೋಲಿನ ಕೆಳಗೆ, ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಅದರ ಬೋಲ್ಟಿನ ತುಕ್ಕು ನೋಡಿ.

ಎರಡನೆಯದು ಏರ್‌ಬ್ಯಾಗ್ ಮಾಡುತ್ತಿದ್ದ ಜಪಾನಿನ ಕಂಪನಿ ತಕಾಟದ ಕಥೆ. ಆ ಕಂಪನಿಯ ಇನ್‌ಫ್ಲೇಟರಿನಲ್ಲಿ, ಅಂದರೆ ಬ್ಯಾಗನ್ನು ಊದಿಸುವ ಡಬ್ಬಿಯಲ್ಲಿ, ಇದ್ದ ಅಮೋನಿಯಂ ನೈಟ್ರೇಟ್ ಮದ್ದು ವರ್ಷಗಟ್ಟಲೆ ತೇವ ಮತ್ತು ಬಿಸಿಲಿನ ಏರಿಳಿತಕ್ಕೆ ಸಿಕ್ಕಿ ಕೆಟ್ಟು, ಸಿಡಿಯುವಾಗ ಲೋಹದ ಡಬ್ಬಿಯನ್ನೇ ಚೂರು ಮಾಡಿ ಹಾರಿಸುತ್ತಿತ್ತು. ವಾಹನ ಇತಿಹಾಸದ ಅತಿ ದೊಡ್ಡ ರೀಕಾಲ್ (ದೋಷವಿರುವ ಕಾರುಗಳನ್ನು ಕಂಪನಿಯೇ ವಾಪಸ್ ಕರೆಸಿ ಸರಿಮಾಡುವುದು) ಅದೇ, 2017ರಲ್ಲಿ ಕಂಪನಿ ದಿವಾಳಿಯಾಯಿತು. ಮಜ್ದಾ ಆರ್‌ಎಕ್ಸ್-8, ಬಿಎಂಡಬ್ಲ್ಯು ಇ46, ಹೋಂಡಾದ ಅನೇಕ ಕಾರು ಆ ಪಟ್ಟಿಯಲ್ಲಿವೆ. ಮೀಟರಿನ ಲೈಟ್ ವೈರಿನ ಓಮ್ ನೋಡುತ್ತದೆ, ಮದ್ದಿನ ಗತಿ ನೋಡುವುದಿಲ್ಲ. ನಮ್ಮ ಹವೆಯಲ್ಲಿ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. 17 ಅಂಕಿಯ ಚಾಸಿ ನಂಬರ್ ಬರೆದುಕೊಂಡು ಕಂಪನಿಯಲ್ಲಿ ರೀಕಾಲ್ ಇದೆಯಾ ಕೇಳಿ. ಇದ್ದರೆ ಬದಲಾವಣೆಗೆ ಅವರು ದುಡ್ಡು ಕೇಳುವುದಿಲ್ಲ.

ಒಮ್ಮೆ ಬ್ಯಾಗ್ ಸಿಡಿದ ಕಾರಿಗೆ ಹೊಸ ಬ್ಯಾಗ್ ಹಾಕಿದರೆ ಸಾಕಾ?

ಸಾಲದು. ಮಾಡ್ಯೂಲಿನಲ್ಲಿ ಅಪಘಾತದ ದಾಖಲೆ ಕೂತಿರುತ್ತದೆ, ಮಾಮೂಲಿ ಸ್ಕ್ಯಾನರಿನಲ್ಲಿ ಅದು ಅಳಿಯುವುದಿಲ್ಲ. ಮಾಡ್ಯೂಲು, ಪ್ರಿಟೆನ್ಷನರ್, ಎಷ್ಟೋ ಸಲ ಬೆಲ್ಟ್ ಕೂಡ ಬದಲಾಗಬೇಕು. ಗುಜರಿಯ ಬ್ಯಾಗ್ ತರಬೇಡಿ, ಅದು ಎಲ್ಲಿ ಎಷ್ಟು ಮಳೆ ಕಂಡಿದೆಯೋ ಯಾರಿಗೆ ಗೊತ್ತು.

ನಿಮ್ಮಲ್ಲಿಗೆ ತರುವಾಗ ಏನು ಮಾಡಿಕೊಂಡು ಬರಬೇಕು?

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ. ಲೈಟ್ ಮೊದಲು ಬಂದ ದಿನ, ಅದಕ್ಕೆ ಮುಂಚೆ ಏನು ಕೆಲಸ ಮಾಡಿಸಿದ್ದಿರಿ, ಯಾರಾದರೂ ಸೀಟ್ ಬಿಚ್ಚಿದ್ದರಾ, ಕಾರು ಯಾವ ಮರದ ಕೆಳಗೆ ನಿಲ್ಲುತ್ತದೆ, ಇಷ್ಟು ನೆನಪು ಮಾಡಿಕೊಂಡು ಬನ್ನಿ. ಇನ್ನೊಂದು: ಮರ್ಯಾದೆಗೆಂದು ಕಾರನ್ನು ಒಳಗೂ ಹೊರಗೂ ತೊಳೆಸಿ ತರಬೇಡಿ. ನೀರು ಎಲ್ಲಿಂದ ಇಳಿದಿದೆ ಎಂದು ನನಗೆ ತೋರಿಸುವುದು ಆ ಕೊಳೆಯ ಗೆರೆಯೇ.